ಗ್ರಂಥಾಲಯದಲ್ಲಿ ಭಾನುವಾರ ಆಟದ ದಿನ: ಉಳಿದ ಮೂರು ದಿನಗಳಲ್ಲಿ ಏನೇನು ಸಿದ್ಧಪಡಿಸಿಕೊಳ್ಳಬೇಕು?

ಪ್ರಶ್ನೆ: ಗ್ರಂಥಾಲಯ ಮೇಲ್ವಿಚಾರಕಿ, ಮಂಡ್ಯ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯ ಗ್ರಂಥಾಲಯ ಮತ್ತು ಅರಿವು ಕೇಂದ್ರದಲ್ಲಿ ಮೇಲ್ವಿಚಾರಕಿಯಾಗಿದ್ದೇನೆ. ನವೆಂಬರ್ 14ರಿಂದ 20ರವರೆಗೆ ನಡೆಯುವ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹದ ಅಂಗವಾಗಿ ಬರುವ ಭಾನುವಾರ ನಮ್ಮ ಗ್ರಂಥಾಲಯದಲ್ಲಿ ಊರಿನವರೆಲ್ಲ ಸೇರಿ ಕುಳಿತು ಆಡುವ ಆಟದ ದಿನವನ್ನು ಏರ್ಪಡಿಸಿದ್ದೇವೆ. ಚೆಸ್ ಮತ್ತು ಕೇರಂ ಜೊತೆಗೆ ಚೌಕಾಬಾರ, ಅಳಗುಳಿಮಣೆ, ಹುಲಿ-ಕುರಿ ಆಟಗಳನ್ನೂ ಸೇರಿಸಿದ್ದೇವೆ. ಮಕ್ಕಳಿಗೆ ಹಿರಿಯರೇ ಆಟ ಕಲಿಸಬೇಕು ಎನ್ನುವುದು ನನ್ನ ಮುಖ್ಯ ಆಸೆ. ನಮ್ಮ ಊರಿನಲ್ಲಿ ಚೌಕಾಬಾರವನ್ನು ಬಹಳ ಚೆನ್ನಾಗಿ ಆಡಬಲ್ಲ ಅಜ್ಜಿಯರು ಇದ್ದಾರೆ, ಆದರೆ ಅವರಲ್ಲಿ ಹೆಚ್ಚಿನವರು ಗ್ರಂಥಾಲಯದ ಹೊಸ್ತಿಲನ್ನು ಒಮ್ಮೆಯೂ ದಾಟಿಲ್ಲ.

ಹೆಸರು ಕೊಟ್ಟವರು ನಾನು ಎಣಿಸಿದ್ದಕ್ಕಿಂತ ಬಹಳ ಹೆಚ್ಚಾಗಿದ್ದಾರೆ. ಮಕ್ಕಳೇ ಸುಮಾರು ಅರವತ್ತು ಮಂದಿ. ನಮ್ಮಲ್ಲಿ ಇರುವುದು ಒಂದು ಓದುವ ಕೋಣೆ, ಮುಂದೆ ಒಂದು ಜಗಲಿ ಮತ್ತು ಪಂಚಾಯಿತಿ ಕಚೇರಿಯ ಅಂಗಳ. ಚೆಸ್ ಸೆಟ್ ನಾಲ್ಕಿವೆ, ಅವುಗಳಲ್ಲಿ ಎರಡಕ್ಕೆ ಕಾಯಿಗಳು ಪೂರ್ತಿಯಾಗಿಲ್ಲ. ಕೇರಂ ಬೋರ್ಡ್ ಎರಡಿವೆ. ಚೌಕಾಬಾರದ ವಿಷಯದಲ್ಲಿ ಈಗಲೇ ಚರ್ಚೆ ಶುರುವಾಗಿದೆ: ಮೇಲಿನ ಬೀದಿಯವರ ನಿಯಮವೇ ಒಂದು, ಕೆಳಗಿನ ಬೀದಿಯವರದೇ ಇನ್ನೊಂದು. ಒಂದು ಕಾಯಿಯನ್ನಾದರೂ ಕಡಿಯದೆ ಒಳಮನೆಗೆ ಹೋಗುವಂತಿಲ್ಲ ಎಂದು ಕೆಲವರು ಹೇಳಿದರೆ, ಹಾಗೇನೂ ಇಲ್ಲವೆಂದು ಉಳಿದವರು ವಾದಿಸುತ್ತಾರೆ. ಬಹುಮಾನ ಇಡಬೇಕೋ ಬೇಡವೋ ಎನ್ನುವುದೂ ತೀರ್ಮಾನವಾಗಿಲ್ಲ. ಕಾಲೇಜಿಗೆ ಹೋಗುವ ಹುಡುಗರು ಮೊಬೈಲ್ ಆಟಗಳ ಸ್ಪರ್ಧೆಯನ್ನೂ ಇಡಬೇಕೆಂದು ಕೇಳುತ್ತಿದ್ದಾರೆ. ಪ್ರತಿದಿನ ಬೆಳಿಗ್ಗೆ ಪತ್ರಿಕೆ ಓದಲು ಬರುವ ಹಿರಿಯರಿಗೆ ಅಂದು ತೊಂದರೆಯಾಗಬಾರದು ಎಂಬ ಕಾಳಜಿಯೂ ನನಗಿದೆ.

ಇಂತಹ ಕಾರ್ಯಕ್ರಮ ನಡೆಸಿ ಅನುಭವವಿರುವವರು ಈ ಮೂರು ದಿನಗಳಲ್ಲಿ ಮೊದಲು ಯಾವ ಕೆಲಸ ಮುಗಿಸಬೇಕೆಂದು ತಿಳಿಸಿದರೆ ದೊಡ್ಡ ಉಪಕಾರವಾಗುತ್ತದೆ.

ಉತ್ತರ: ನಿವೃತ್ತ ಗ್ರಂಥಪಾಲಕರು, ಮೈಸೂರು

ಮೇಡಂ ಅವರಿಗೆ ನಮಸ್ಕಾರ. ನಿಮ್ಮ ಉದ್ದೇಶ ಬಹಳ ಒಳ್ಳೆಯದು. ನನ್ನ ಅಭಿಪ್ರಾಯದಲ್ಲಿ ನೀವು ಮೊದಲು ಮಾಡಬೇಕಾದ ಕೆಲಸ ನಿಯಮಗಳ ತೀರ್ಮಾನ. ಸಾಮಾನು ಕಡಿಮೆ ಬಿದ್ದರೆ ಯಾರ ಮನೆಯಿಂದಾದರೂ ತರಬಹುದು. ಆಟದ ನಡುವೆ ನಿಯಮಕ್ಕಾಗಿ ಮಾತು ಬೆಳೆದರೆ ಹಿರಿಯರ ಮನಸ್ಸಿಗೆ ನೋವಾಗುತ್ತದೆ, ಅವರು ಮತ್ತೆ ಗ್ರಂಥಾಲಯದ ಕಡೆಗೆ ಬರುವುದಿಲ್ಲ.

ಶುಕ್ರವಾರ ಸಂಜೆ ಎರಡೂ ಬೀದಿಗಳ ಅಜ್ಜಿಯರಲ್ಲಿ ಚೆನ್ನಾಗಿ ಆಡಬಲ್ಲ ಇಬ್ಬಿಬ್ಬರನ್ನು ಗ್ರಂಥಾಲಯಕ್ಕೆ ಕರೆಸಿ, ಒಂದು ಆಟವನ್ನು ಪೂರ್ತಿ ಆಡಿಸಿ. ವ್ಯತ್ಯಾಸ ಬಂದ ಕಡೆಯಲ್ಲೆಲ್ಲ ಅವರೇ ಒಪ್ಪಿಕೊಂಡು ತೀರ್ಮಾನ ಮಾಡಲಿ, ನೀವು ಅದನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಗೋಡೆಗೆ ಅಂಟಿಸಿ. ನಿಯಮ ಯಾರದೆಂಬ ಪ್ರಶ್ನೆ ಆಗ ಏಳುವುದಿಲ್ಲ. ಹಾಳೆಯಲ್ಲಿ ಏನೇನು ಇರಬೇಕು ಎನ್ನುವುದನ್ನು ನಾನು ಕಂಡ ಮಟ್ಟಿಗೆ ಹೇಳುತ್ತೇನೆ. ಐದು ಸಾಲು, ಐದು ಕಂಬಗಳ 25 ಮನೆಗಳ ಆಟವನ್ನೇ ಇಟ್ಟುಕೊಳ್ಳಿ; ಏಳು ಮನೆಯದು ಒಂದು ದಿನದ ಕಾರ್ಯಕ್ರಮಕ್ಕೆ ದೀರ್ಘವಾಗುತ್ತದೆ. ಒಬ್ಬೊಬ್ಬರಿಗೆ ನಾಲ್ಕು ಕಾಯಿ, ಆಟಕ್ಕೆ ನಾಲ್ಕು ಕವಡೆ. ಬಾಯಿ ಮೇಲಾಗಿ ಬಿದ್ದ ಕವಡೆಗಳ ಸಂಖ್ಯೆಯೇ ಗರ. ನಾಲ್ಕೂ ಬಾಯಿ ಮೇಲಾದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಚೌಕ ಅಥವಾ ಬಾರ ಬಿದ್ದವರಿಗೆ ಮತ್ತು ಕಾಯಿ ಕಡಿದವರಿಗೆ ಇನ್ನೊಂದು ಸರದಿ. ಕಾಯಿ ಹೊರಸುತ್ತಿನ 16 ಮನೆಗಳನ್ನು ಎಡಸುತ್ತಿನಲ್ಲಿ ದಾಟಿ, ಒಳಸುತ್ತಿನ ಎಂಟು ಮನೆಗಳನ್ನು ಬಲಸುತ್ತಿನಲ್ಲಿ ನಡೆದು, ನಡುಮನೆ ಸೇರಿದಾಗ ಹಣ್ಣಾಗುತ್ತದೆ. ಇಷ್ಟರ ಬಗ್ಗೆ ಹೆಚ್ಚಿನ ಕಡೆ ತಕರಾರಿರುವುದಿಲ್ಲ.

ತಕರಾರು ಬರುವುದು ಬೇರೆ ಕಡೆಗಳಲ್ಲಿ. ಕಾಯಿಗಳು ಮೊದಲೇ ಮನೆಯಲ್ಲಿ ಕುಳಿತಿರುತ್ತವೆಯೋ ಅಥವಾ ಗೊತ್ತಾದ ಗರ ಬಿದ್ದ ಮೇಲೆ ಹುಟ್ಟಬೇಕೋ? ಮೂರು ಸಲ ಸಾಲಾಗಿ ಬಾರ ಬಿದ್ದರೆ ಲೆಕ್ಕಕ್ಕೆ ಬರುತ್ತದೆಯೋ, ಸುಟ್ಟುಹೋಗುತ್ತದೆಯೋ? ಒಂದೇ ಮನೆಯಲ್ಲಿ ಎರಡು ಕಾಯಿ ಜೋಡಿಯಾದರೆ ಅವನ್ನು ಒಂಟಿ ಕಾಯಿ ಕಡಿಯಬಹುದೋ? ಕೊನೆಯ ಕಾಯಿ ಹಣ್ಣಾಗಲು ಗರ ಸರಿಯಾಗಿಯೇ ಬೀಳಬೇಕೋ? ಈ ನಾಲ್ಕು ಪ್ರಶ್ನೆಗಳನ್ನು ಶುಕ್ರವಾರ ಬಿಡದೆ ಕೇಳಿ. ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ ಎಂಬ ನಿಯಮವನ್ನು ಉಳಿಸಿಕೊಳ್ಳಬೇಕೆಂದು ನಾನಂತೂ ಕೇಳಿಕೊಳ್ಳುತ್ತೇನೆ. ಆ ನಿಯಮವಿದ್ದರೆ ಮಗು ಯಾರೂ ಕಡಿಯಲಾಗದ ಕಟ್ಟೆಯ ಮನೆಯಲ್ಲಿ ಹೆದರಿ ಕುಳಿತು ಗರಕ್ಕಾಗಿ ಕಾಯುವುದನ್ನು ಬಿಟ್ಟು, ಯಾವ ಕಾಯಿಯನ್ನು ಅಪಾಯಕ್ಕೆ ಒಡ್ಡಬೇಕು, ಯಾವುದನ್ನು ಕಾಪಾಡಿಕೊಳ್ಳಬೇಕು ಎಂದು ಯೋಚಿಸಲು ಕಲಿಯುತ್ತದೆ.

ಸಮಯದ ಮಿತಿಯನ್ನೂ ಬರೆಯಿರಿ. ಅರ್ಧ ಗಂಟೆಯಾದ ಮೇಲೆ ಯಾರ ಕಾಯಿಗಳು ಹೆಚ್ಚು ಹಣ್ಣಾಗಿವೆಯೋ ಅವರು ಗೆದ್ದಂತೆ, ಸಮವಾದರೆ ಹೆಚ್ಚು ಕಡಿದವರು ಗೆದ್ದಂತೆ ಎಂದರೆ ಸಾಕು. ಮಣೆಗಳಿಗಾಗಿ ಹಣ ಖರ್ಚು ಮಾಡಬೇಡಿ, ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದರೆ ಆಯಿತು. ಆದರೆ ಅಂಗಳದಲ್ಲಿ ಬರೆಯುವ ಯೋಚನೆಯಿದ್ದರೆ ಹಿಂಗಾರು ಮಳೆಯನ್ನು ಮರೆಯಬೇಡಿ. ನವೆಂಬರಿನಲ್ಲಿ ಮಧ್ಯಾಹ್ನದ ಮೇಲೆ ಒಂದು ಹನಿ ಬಿದ್ದರೂ ಎಲ್ಲರೂ ಒಮ್ಮೆಗೇ ಒಳಗೆ ನುಗ್ಗುತ್ತಾರೆ. ನಾಲ್ಕೈದು ರಟ್ಟಿನ ಹಾಳೆಗಳ ಮೇಲೂ ಮನೆ ಬರೆದಿಟ್ಟುಕೊಳ್ಳಿ.

ಇನ್ನೊಂದು ಮಾತು. ಗೋಡೆಯ ಮೇಲೆ ಒಂದು ಮೂಲೆಯಲ್ಲಿ ಈ ಆಟಗಳ ಚರಿತ್ರೆಗೂ ಸ್ವಲ್ಪ ಜಾಗ ಕೊಡಿ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಮಣೆ ಆಟಗಳಲ್ಲಿ ಅಪಾರ ಆಸಕ್ತಿಯಿದ್ದ ದೊರೆ. ಅವರ ಶ್ರೀತತ್ತ್ವನಿಧಿ ಎಂಬ ಗ್ರಂಥದ ಒಂಬತ್ತನೆಯ ಭಾಗವಾದ ಕೌತುಕನಿಧಿ ಆಟಗಳಿಗೇ ಮೀಸಲಾಗಿದೆ. ಹಂಪಿಯ ಮಂಟಪಗಳ ಕಲ್ಲುಹಾಸಿನ ಮೇಲೆ ಕೊರೆದ ಆಟದ ಮನೆಗಳನ್ನು ಇಂದಿಗೂ ನೋಡಬಹುದು. ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನ ಇಂತಹ ಆಟಗಳ ಪ್ರದರ್ಶನಗಳನ್ನು ಏರ್ಪಡಿಸಿ, ಮರೆತುಹೋಗುತ್ತಿದ್ದ ಮಣೆಗಳನ್ನು ಮತ್ತೆ ಮಾಡಿಸಿದೆ. ಇವುಗಳ ಬಗ್ಗೆ ನಿಮ್ಮ ಕಪಾಟಿನಲ್ಲಿರುವ ಪುಸ್ತಕಗಳನ್ನು ಅದೇ ಮೂಲೆಯಲ್ಲಿ ಒಂದು ಮೇಜಿನ ಮೇಲೆ ಜೋಡಿಸಿದರೆ, ಆಟ ಮುಗಿಸಿ ಸರದಿಗಾಗಿ ಕಾಯುವ ಮಕ್ಕಳು ಅವನ್ನು ಕೈಗೆತ್ತಿಕೊಳ್ಳುತ್ತಾರೆ.

ಬಹುಮಾನದ ವಿಷಯದಲ್ಲಿ ನನ್ನ ಅಭಿಪ್ರಾಯ ದೃಢವಾಗಿದೆ: ಬೇಡ. ಅಜ್ಜಿ ಮೊಮ್ಮಗಳ ಎದುರು ಕುಳಿತು ಆಡುವಾಗ ನಡುವೆ ಒಂದು ಸ್ಟೀಲ್ ತಟ್ಟೆಯ ಆಸೆ ಇಡುವುದು ಸರಿಯಲ್ಲ.

ಉತ್ತರ: ಚೆಸ್ ತರಬೇತುದಾರ, ಹಾಸನ

ಹಿರಿಯರ ಮಾತನ್ನು ಚೌಕಾಬಾರದ ಮಟ್ಟಿಗೆ ಸಂಪೂರ್ಣವಾಗಿ ಒಪ್ಪುತ್ತೇನೆ, ಚೆಸ್ ವಿಷಯದಲ್ಲಿ ಒಪ್ಪುವುದಿಲ್ಲ. ಹಳ್ಳಿಯ ಮಕ್ಕಳಿಗೆ ಕ್ರಮಬದ್ಧವಾದ ಪಂದ್ಯಾವಳಿಯಲ್ಲಿ ಆಡುವ ಅವಕಾಶ ಸಿಗುವುದೇ ಅಪರೂಪ. ಅದು ಸಿಕ್ಕಾಗ ಅಂಕ, ಸುತ್ತು, ಫಲಿತಾಂಶ ಎಲ್ಲವೂ ಸರಿಯಾಗಿ ನಡೆಯಬೇಕು, ಕೊನೆಯಲ್ಲಿ ಒಂದು ಪುಸ್ತಕವನ್ನಾದರೂ ಬಹುಮಾನವಾಗಿ ಕೊಡಬೇಕು.

ನಾಲ್ಕು ಸೆಟ್ ಎಂದರೆ ಒಮ್ಮೆಗೆ ಎಂಟು ಮಕ್ಕಳು. ಆದ್ದರಿಂದ ಎಂಟೆಂಟು ಮಕ್ಕಳ ಎರಡು ಗುಂಪು ಮಾಡಿ: ಹನ್ನೆರಡು ವರ್ಷದ ಒಳಗಿನವರು, ಅದಕ್ಕೆ ಮೇಲಿನವರು. ಸೋತವರನ್ನು ಹೊರಗೆ ಕಳುಹಿಸುವ ಪದ್ಧತಿ ಬೇಡ. ಅರ್ಧದಷ್ಟು ಮಕ್ಕಳು ಮೊದಲ ಅರ್ಧ ಗಂಟೆಯಲ್ಲೇ ಮನೆಗೆ ಹೋಗಬೇಕಾಗುತ್ತದೆ. ಗೆದ್ದವರಿಗೆ ಗೆದ್ದವರು, ಸೋತವರಿಗೆ ಸೋತವರು ಎದುರಾಗುವ ಸ್ವಿಸ್ ಪದ್ಧತಿಯಲ್ಲಿ ಎಲ್ಲರೂ ಮೂರು ಆಟ ಆಡುತ್ತಾರೆ, ಡ್ರಾ ಆಗದಿದ್ದರೆ ಎಂಟು ಮಂದಿಯಲ್ಲಿ ಮೂರೂ ಗೆದ್ದವರು ಒಬ್ಬರೇ ಉಳಿಯುತ್ತಾರೆ. ಒಂದು ಸುತ್ತಿಗೆ 25 ನಿಮಿಷ. ಒಂದು ಗುಂಪು ಆಡುವಾಗ ಇನ್ನೊಂದು ಗುಂಪು ಬೇರೆ ಆಟಗಳ ಕಡೆ ಇರಲಿ. ಬೆಳಿಗ್ಗೆ ಒಂಬತ್ತೂವರೆಗೆ ಶುರುಮಾಡಿದರೆ ಊಟದ ಹೊತ್ತಿಗೆ ಎರಡೂ ಗುಂಪುಗಳ ಮೂರು ಸುತ್ತು ಮುಗಿಯುತ್ತದೆ. ಚೆಸ್ ಗಡಿಯಾರ ಇಲ್ಲದಿದ್ದರೂ ಚಿಂತೆಯಿಲ್ಲ: ಸಮಯ ಮುಗಿದಾಗ ಹಲಗೆಯ ಮೇಲೆ ಉಳಿದ ಕಾಯಿಗಳ ಬೆಲೆಯನ್ನು ಕೂಡಿ. ಮಂತ್ರಿಗೆ ಒಂಬತ್ತು, ಆನೆಗೆ ಐದು, ಒಂಟೆ ಮತ್ತು ಕುದುರೆಗೆ ಮೂರು, ಕಾಲಾಳಿಗೆ ಒಂದು. ಇದು ಅಧಿಕೃತ ನಿಯಮವಲ್ಲ, ಊರಿನ ಪಂದ್ಯಕ್ಕೆ ಮಾಡಿಕೊಳ್ಳುವ ಅನುಕೂಲ ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಿ.

ಇಲ್ಲದ ಕಾಯಿಗಳ ಬದಲು ಬಾಟಲಿಯ ಮುಚ್ಚಳಗಳನ್ನು ಇಟ್ಟು, ಮೇಲೆ ಬಿಳಿ ಕಾಗದ ಅಂಟಿಸಿ ಆನೆ, ಕುದುರೆ ಎಂದು ಬರೆಯಿರಿ. ಹಲಗೆ ಇಡುವಾಗ ಪ್ರತಿಯೊಬ್ಬರ ಬಲಗೈ ಮೂಲೆಯಲ್ಲಿ ಬಿಳಿಯ ಮನೆ ಬರಬೇಕು ಎನ್ನುವುದನ್ನು ಸ್ವಯಂಸೇವಕರಿಗೆ ಕಲಿಸಿ. ಮುಟ್ಟಿದ ಕಾಯಿಯನ್ನು ನಡೆಸಲೇಬೇಕು ಎಂಬ ನಿಯಮವನ್ನು ದೊಡ್ಡವರ ಗುಂಪಿಗೆ ಮಾತ್ರ ಅನ್ವಯಿಸಿ. ಎದುರಾಳಿಯ ರಾಜನಿಗೆ ಶಹ ಇಲ್ಲದೆ, ಅವರ ಯಾವ ಕಾಯಿಗೂ ನಡೆ ಇಲ್ಲದಂತಾದರೆ ಅದು ಡ್ರಾ, ಗೆಲುವಲ್ಲ. ಸಣ್ಣ ಮಕ್ಕಳ ನಡುವೆ ಹೆಚ್ಚು ಜಗಳವಾಗುವುದು ಇದೇ ವಿಷಯಕ್ಕೆ.

ಕೇರಂ ಬೋರ್ಡುಗಳನ್ನು ಮಾತ್ರ ದಯವಿಟ್ಟು ಓದುವ ಕೋಣೆಯೊಳಗೆ ಇಡಬೇಡಿ. ಬೋರಿಕ್ ಪುಡಿ ಫ್ಯಾನಿನ ಗಾಳಿಗೆ ಹಾರಿ ಪುಸ್ತಕಗಳ ಮೇಲೆಲ್ಲ ಕೂರುತ್ತದೆ, ಸಣ್ಣ ಮಕ್ಕಳ ಕೈ-ಬಾಯಿಗೂ ಹೋಗುತ್ತದೆ. ಜಗಲಿಯ ಒಂದು ತುದಿಗೆ ಇಟ್ಟು, ಪುಡಿ ಹಾಕುವ ಕೆಲಸವನ್ನು ಒಬ್ಬ ದೊಡ್ಡವರಿಗೆ ವಹಿಸಿ, ಆಡಿದ ಮೇಲೆ ಕೈ ತೊಳೆಯಲು ನೀರು ಮತ್ತು ಸಾಬೂನು ಹತ್ತಿರದಲ್ಲೇ ಇರುವಂತೆ ನೋಡಿಕೊಳ್ಳಿ. 25 ಅಂಕಗಳವರೆಗೆ ಆಡಿಸಲು ಸಮಯ ಸಾಲದು. ನಾಲ್ವರು ಕುಳಿತು ಜೋಡಿಯಾಟದಲ್ಲಿ ಒಂದು ಬೋರ್ಡ್ ಮುಗಿಸಿದರೆ ಏಳಬೇಕು ಎಂದು ನಿಗದಿಪಡಿಸಿ.

ಉತ್ತರ: ಪ್ರಾಥಮಿಕ ಶಾಲಾ ಶಿಕ್ಷಕಿ, ಪುತ್ತೂರು

ಅಳಗುಳಿಮಣೆಯ ಬಗ್ಗೆ ಒಂದು ಎಚ್ಚರಿಕೆಯನ್ನು ಹೇಳಲೇಬೇಕೆಂದು ಬರೆಯುತ್ತಿದ್ದೇನೆ. ಕಾಳಿಗೆ ಗುಲಗಂಜಿಯನ್ನು ಬಳಸಬೇಡಿ. ನೋಡಲು ಬಹಳ ಚಂದ, ಹಳೆಯ ಮನೆಗಳಲ್ಲಿ ಮಣೆಯ ಜೊತೆಗೇ ಡಬ್ಬಿಯಲ್ಲಿ ಸಿಗುತ್ತದೆ, ಆದರೆ ಆ ಬೀಜದೊಳಗೆ ಕಠಿಣ ವಿಷವಿದೆ. ಮಗು ಅದನ್ನು ಅಗಿದರೆ ಜೀವಕ್ಕೆ ಅಪಾಯ. ಕೆಂಪು ಬೀಜದ ಮೇಲೆ ಕಪ್ಪು ಕಣ್ಣು ಇದ್ದರೆ ಅದು ಗುಲಗಂಜಿ. ಪೂರ್ತಿ ಕೆಂಪಾಗಿ ಚಪ್ಪಟೆಯಾಗಿದ್ದರೆ ಮಂಜೊಟ್ಟಿ. ಯಾರಾದರೂ ಮನೆಯಿಂದ ಕಾಳು ತಂದರೆ ನೀವೇ ಒಮ್ಮೆ ಬಿಡಿಸಿ ನೋಡಿ. ಎಲ್ಲಕ್ಕಿಂತ ಸುಲಭವೆಂದರೆ ಹುಣಸೆ ಬೀಜ. ಮೂರು-ನಾಲ್ಕು ವರ್ಷದ ಮಕ್ಕಳು ಯಾವ ಬೀಜವನ್ನಾದರೂ ಮೂಗಿಗೆ ಹಾಕಿಕೊಳ್ಳಬಹುದು, ಅವರನ್ನು ಆ ಮಣೆಯಿಂದ ದೂರವಿಡಿ.

ನಮ್ಮ ಕಡೆ ಇದನ್ನು ಚೆನ್ನೆಮಣೆ ಎನ್ನುತ್ತಾರೆ, ಆಟಿ ತಿಂಗಳ ಮಳೆಯಲ್ಲಿ ಒಳಗೆ ಕುಳಿತು ಆಡುವುದು ವಾಡಿಕೆ. ಎರಡು ಸಾಲಿನ 14 ಗುಳಿಗಳಿಗೆ ನಾಲ್ಕು ನಾಲ್ಕರಂತೆ 56 ಕಾಳು ಹಾಕುತ್ತೇವೆ. ಕಲಿಯುವ ಮಕ್ಕಳಿಗೆ ಮೊದಲು ಒಂದೇ ಕ್ರಮವನ್ನು ಹೇಳಿಕೊಡಿ: ಒಂದು ಗುಳಿಯ ಕಾಳನ್ನು ಎತ್ತಿ ಒಂದೊಂದಾಗಿ ಹಂಚುತ್ತ ಹೋಗುವುದು, ಕೈ ಖಾಲಿಯಾದಾಗ ಮುಂದಿನ ಗುಳಿಯಿಂದ ಎತ್ತಿ ಮುಂದುವರಿಸುವುದು, ಮುಂದಿನ ಗುಳಿ ಖಾಲಿಯಿದ್ದರೆ ಅದರಾಚೆಯ ಗುಳಿಯಲ್ಲಿ ಇರುವುದನ್ನು ಗೆದ್ದುಕೊಂಡು ಸರದಿ ಬಿಡುವುದು. ನಾಲ್ಕು ಕೂಡಿದ ಗುಳಿಯನ್ನು ಎತ್ತಿಕೊಳ್ಳುವ ಪದ್ಧತಿಯನ್ನು ಎರಡನೆಯ ಆಟಕ್ಕೆ ಸೇರಿಸಿದರೆ ಸಾಕು. ಮರದ ಮಣೆ ಕಡಿಮೆಯಿದ್ದರೆ ಮೊಟ್ಟೆಯ ತಟ್ಟೆಗಳನ್ನು ಏಳೇಳು ಗುಳಿ ಬರುವಂತೆ ಕತ್ತರಿಸಿ ಜೋಡಿಸಬಹುದು.

ಹುಲಿ-ಕುರಿಯನ್ನು ಮೊದಲ ಸಲ ಆಡುವ ಮಗುವಿಗೆ ಹುಲಿಯನ್ನು ಕೊಡಿ. ಮೂರು ಹುಲಿಗಳನ್ನು ನಡೆಸುವುದು ಸುಲಭ. ಹದಿನೈದು ಕುರಿಗಳನ್ನು ಒಂದನ್ನೊಂದು ಕಾಯುವಂತೆ ಇಟ್ಟು ಹುಲಿಯನ್ನು ಕಟ್ಟಿಹಾಕುವುದೇ ನಿಜವಾದ ವಿದ್ಯೆ. ಹದಿನೈದೂ ಕುರಿಗಳನ್ನು ಇಟ್ಟು ಮುಗಿಸುವವರೆಗೆ ಯಾವ ಕುರಿಯನ್ನೂ ಸರಿಸುವಂತಿಲ್ಲ ಎಂಬುದನ್ನು ಹಾಳೆಯಲ್ಲಿ ಬರೆಯಿರಿ.

ಉತ್ತರ: ಗ್ರಂಥಾಲಯ ಸ್ವಯಂಸೇವಕಿ, ಅಮೆರಿಕ

ನಾನು ಮೂಲತಃ ಶಿವಮೊಗ್ಗದವಳು, ಈಗ ಇಲ್ಲಿನ ಒಂದು ಸಾರ್ವಜನಿಕ ಗ್ರಂಥಾಲಯದಲ್ಲಿ ಸ್ವಯಂಸೇವಕಿಯಾಗಿ ಕೆಲಸ ಮಾಡುತ್ತೇನೆ. ಇಲ್ಲಿಯೂ ನವೆಂಬರ್ ತಿಂಗಳಲ್ಲೇ ಗ್ರಂಥಾಲಯಗಳಲ್ಲಿ ಆಟದ ದಿನ ನಡೆಸುವ ರೂಢಿಯಿದೆ. ಅಮೆರಿಕದ ಗ್ರಂಥಾಲಯ ಸಂಘ 2008ರಲ್ಲಿ ಅದನ್ನು ಆರಂಭಿಸಿತು, ಮುಂದೆ ಬೇರೆ ದೇಶಗಳ ಗ್ರಂಥಾಲಯಗಳೂ ಸೇರಿಕೊಂಡವು. ಇಲ್ಲಿ ಕಲಿತ ಎರಡು ಕ್ರಮಗಳು ನಿಮಗೆ ಉಪಯೋಗವಾಗಬಹುದು. ಪ್ರತಿ ಆಟದ ಡಬ್ಬಿಯ ಮುಚ್ಚಳದ ಒಳಗೆ ಎಷ್ಟು ಕಾಯಿ, ಎಷ್ಟು ಕವಡೆ ಇರಬೇಕೆಂದು ಬರೆದು ಅಂಟಿಸುತ್ತೇವೆ. ಆಡಿ ಏಳುವವರೇ ಎಣಿಸಿ ಮುಚ್ಚಬೇಕು. ಹಾಗೆಯೇ ಒಂಟಿಯಾಗಿ ಬಂದ ಮಗುವಿಗೆಂದು ಒಂದು ಮೇಜನ್ನು ಬೇರೆ ಇಡುತ್ತೇವೆ. ಅಲ್ಲಿ ಯಾವಾಗಲೂ ಒಬ್ಬ ಸ್ವಯಂಸೇವಕರು ಆಟಕ್ಕೆ ಸಿದ್ಧರಾಗಿ ಕುಳಿತಿರುತ್ತಾರೆ. ಗುಂಪು ಕಟ್ಟಿಕೊಂಡು ಬರುವ ಮಕ್ಕಳು ಹೇಗೋ ಆಡಿಕೊಳ್ಳುತ್ತಾರೆ, ಬಾಗಿಲ ಬಳಿ ನಿಂತು ನೋಡಿ ಹಿಂತಿರುಗುವ ಮಗುವನ್ನು ಯಾರಾದರೂ ಗಮನಿಸಲೇಬೇಕು.

ಪ್ರಶ್ನೆ ಕೇಳಿದವರು

ಎಲ್ಲರ ಉತ್ತರಗಳನ್ನು ಓದಿ ಇಂದು ಮಧ್ಯಾಹ್ನ ನಮ್ಮ ಸ್ವಯಂಸೇವಕರ ಜೊತೆ ಕುಳಿತು ಮಾತನಾಡಿದೆ. ಚೆಸ್ ಮತ್ತು ಕೇರಂಗಳನ್ನು ಬೆಳಿಗ್ಗೆ ನಡೆಸಿ, ಚೆಸ್‌ಗೆ ಮಾತ್ರ ಪುಸ್ತಕದ ಬಹುಮಾನ ಇಡುತ್ತೇವೆ. ಚೌಕಾಬಾರ, ಅಳಗುಳಿಮಣೆ, ಹುಲಿ-ಕುರಿಗಳಿಗೆ ಬಹುಮಾನವಿಲ್ಲ. ಅವನ್ನು ಮಧ್ಯಾಹ್ನ ಎರಡೂವರೆಯ ಮೇಲೆ ಇಟ್ಟುಕೊಂಡಿದ್ದೇವೆ. ಇದು ರಾಗಿ ಕೊಯ್ಲಿನ ಕಾಲವಾದ್ದರಿಂದ ಬೆಳಿಗ್ಗೆ ಹೆಂಗಸರು ಹೊಲದ ಕೆಲಸ ಬಿಟ್ಟು ಬರುವುದು ಕಷ್ಟ. ಸ್ವಸಹಾಯ ಸಂಘದ ಸದಸ್ಯೆಯರು ಊಟವಾದ ಮೇಲೆ ಬರಲು ಒಪ್ಪಿದ್ದಾರೆ. ಪತ್ರಿಕೆಗಳನ್ನು ಅಂದು ಪಂಚಾಯಿತಿಯ ಸಭಾಂಗಣದಲ್ಲಿ ಇಡಲು ಅನುಮತಿ ಸಿಕ್ಕಿದೆ. ನಮ್ಮಲ್ಲಿದ್ದ ಕಾಳಿನ ಡಬ್ಬಿಯನ್ನು ಬಿಚ್ಚಿ ನೋಡಿದಾಗ ಅದರಲ್ಲಿ ಗುಲಗಂಜಿಯೂ ಬೆರೆತಿತ್ತು. ಎಲ್ಲವನ್ನೂ ತೆಗೆದು ಹುಣಸೆ ಬೀಜ ತುಂಬಿದ್ದೇವೆ. ಪುತ್ತೂರಿನ ಮೇಡಂ ಅವರಿಗೆ ಎಷ್ಟು ಧನ್ಯವಾದ ಹೇಳಿದರೂ ಕಡಿಮೆಯೇ.

ಎರಡು ವಿಷಯಗಳು ಇನ್ನೂ ಬಗೆಹರಿದಿಲ್ಲ. ಎಂಟು ಚೌಕಾಬಾರದ ಮಣೆಗಳಿಗೆ ಬೇಕಾದಷ್ಟು ಕವಡೆ ನಮ್ಮಲ್ಲಿಲ್ಲ. ಮೊಬೈಲ್ ಆಟ ಕೇಳುವ ಹುಡುಗರಿಗೆ ಏನು ಹೇಳಬೇಕೆಂದೂ ತಿಳಿಯುತ್ತಿಲ್ಲ. ಅವರನ್ನು ಬೇಸರಪಡಿಸಿ ಕಳುಹಿಸಲು ನನಗೆ ಮನಸ್ಸಿಲ್ಲ.

ಉತ್ತರ: ನಿವೃತ್ತ ಗ್ರಂಥಪಾಲಕರು, ಮೈಸೂರು

ಕವಡೆ ಪೇಟೆಯ ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ. ಕೊಳ್ಳುವಾಗ ಎಲ್ಲವೂ ಹೆಚ್ಚುಕಡಿಮೆ ಒಂದೇ ಗಾತ್ರದವು ಇರುವಂತೆ ಆರಿಸಿ, ಒಂದೆರಡನ್ನು ನೆಲದ ಮೇಲೆ ಹಾಕಿ ನೋಡಿ. ಬೆನ್ನು ತೀರಾ ಉಬ್ಬಿದ ಕವಡೆ ಸರಿಯಾಗಿ ನಿಲ್ಲದೆ ಪಕ್ಕಕ್ಕೆ ವಾಲುತ್ತದೆ. ಸಿಗದಿದ್ದರೆ ಹುಣಸೆ ಬೀಜವನ್ನು ಒಂದು ಬದಿ ಒರಟು ಕಲ್ಲಿಗೆ ಉಜ್ಜಿ ಬಿಳಿ ಮಾಡಿ, ಆ ಬಿಳಿಯ ಬದಿಯನ್ನೇ ಬಾಯಿ ಎಂದು ಲೆಕ್ಕ ಹಿಡಿಯಿರಿ. ಶನಿವಾರ ಸಂಜೆ ಮಕ್ಕಳ ಕೈಗೇ ಆ ಕೆಲಸ ಕೊಟ್ಟರೆ ಒಂದು ಗಂಟೆಯಲ್ಲಿ ಮುಗಿಸುತ್ತಾರೆ. ಕಾಯಿಗಳಿಗೆ ಬಳೆಚೂರು ಬೇಡ, ಕೈ ಕೊಯ್ಯುತ್ತದೆ. ನಾಲ್ಕು ಬಣ್ಣದ ಅಂಗಿ ಗುಂಡಿಗಳು ಸಾಕು.

ಹುಡುಗರಿಗೆ ಇಲ್ಲವೆಂದು ಹೇಳುವ ಮೊದಲು ಕೆಲಸ ಕೊಡಿ. ಚೆಸ್ ಸುತ್ತುಗಳ ಜೋಡಿ ಮಾಡುವುದು, ಸಮಯ ನೋಡಿಕೊಳ್ಳುವುದು, ಅಂಕ ಬರೆಯುವುದು, ಇವೆಲ್ಲ ಅವರಿಗೆ ಚೆನ್ನಾಗಿ ಬರುತ್ತದೆ. ಅಜ್ಜಿಯರು ಹೇಳುವ ಚೌಕಾಬಾರದ ನಿಯಮಗಳನ್ನು ಅವರ ದನಿಯಲ್ಲೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಗ್ರಂಥಾಲಯದ ಕಂಪ್ಯೂಟರಿನಲ್ಲಿ ಇಡುವ ಹೊಣೆಯನ್ನೂ ಅವರಿಗೇ ವಹಿಸಿ. ಮೊಬೈಲ್ ಸ್ಪರ್ಧೆಯ ಬೇಡಿಕೆ ತಪ್ಪೇನಲ್ಲ. ಅದಕ್ಕೆ ಇನ್ನೊಂದು ಭಾನುವಾರವನ್ನು ಗೊತ್ತುಮಾಡಿ, ಈಗಲೇ ದಿನಾಂಕ ತಿಳಿಸಿಬಿಡಿ. ಶುಕ್ರವಾರದ ಆಟದಲ್ಲಿ ಕಡಿಯುವ ನಿಯಮಕ್ಕೆ ಎರಡು ಬೀದಿಯವರೂ ಒಪ್ಪಿದರೋ ಇಲ್ಲವೋ ಎನ್ನುವುದನ್ನು ಮಾತ್ರ ಇಲ್ಲಿ ತಪ್ಪದೆ ಬರೆಯಿರಿ. ಒಪ್ಪದಿದ್ದರೆ ಜಗಲಿಯ ಒಂದು ಬದಿಯಲ್ಲಿ ಒಂದು ನಿಯಮ, ಇನ್ನೊಂದು ಬದಿಯಲ್ಲಿ ಇನ್ನೊಂದು ನಿಯಮ ಎಂದು ಫಲಕ ಹಾಕಿ ಎರಡನ್ನೂ ಆಡಿಸಿ.